ಮನೆಯಲ್ಲಿ ಮಾಡಿದ ಕಾಫಿ ಹುರಿಯುವ ಡ್ರಮ್: ವ್ಯಾಸ ಮತ್ತು ಸುತ್ತಿನ ಲೆಕ್ಕ

ಕಳೆದ ವಾರ ನನ್ನ ಡ್ರಮ್ ಕೊನೆಗೂ ಬೀಜವನ್ನು ಸಮನಾಗಿ ಹುರಿಯಿತು. ಲೆಕ್ಕ ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನೀವೂ ಒಂದನ್ನು ಮಾಡಲು ಹೊರಟಿದ್ದರೆ, ನಾನು ಮೂರು ವಾರ ಸಿಕ್ಕಿಹಾಕಿಕೊಂಡ ಜಾಗವನ್ನು ನೀವು ಒಂದು ಸಂಜೆಯಲ್ಲಿ ದಾಟಬಹುದು.

ಮೊದಲು ಅಳತೆಗಳು. ಡ್ರಮ್ ಸ್ಟೇನ್‌ಲೆಸ್ ಸ್ಟೀಲ್‌ನದು. ಒಳವ್ಯಾಸ 15 ಸೆಂ.ಮೀ., ಉದ್ದ 20 ಸೆಂ.ಮೀ., ಅಂದರೆ ಒಳಗೆ ಸುಮಾರು ಮೂರೂವರೆ ಲೀಟರ್ ಜಾಗ. ಒಂದು ಸಲಕ್ಕೆ 250 ಗ್ರಾಂ ಹಸಿ ಬೀಜ ಹಾಕುತ್ತೇನೆ. ಅದು ಡ್ರಮ್ಮಿನ ಹತ್ತನೇ ಒಂದು ಭಾಗ ಮಾತ್ರ. ಕಡಿಮೆ ಅನಿಸುತ್ತದೆ, ಆದರೆ ಹುರಿಯುವಾಗ ಬೀಜ ಒಂದೂವರೆ ಪಟ್ಟಿಗೂ ಜಾಸ್ತಿ ಉಬ್ಬುತ್ತದೆ, ಮೇಲಾಗಿ ಬೀಳಲು ಜಾಗ ಬೇಕಲ್ವಾ. ಕೆಳಗೆ ಗ್ಯಾಸ್ ಬರ್ನರ್. ತಿರುಗಿಸಲು ಹಳೆ ಕಾರಿನ 12 ವೋಲ್ಟ್ ವೈಪರ್ ಮೋಟರ್, ಅದಕ್ಕೊಂದು ಸ್ಪೀಡ್ ಕಂಟ್ರೋಲರ್. ಬೀಜ ಪರಿಚಯದವರ ತೋಟದ ಎಸ್ 795 ಅರೇಬಿಕಾ. ಇದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲೇ ಹುಟ್ಟಿದ ತಳಿ.

ಡ್ರಮ್ಮಿಗೆ ಜಿಐ ಶೀಟ್ ಮಾತ್ರ ಬೇಡ. ಅದರ ಮೇಲಿರುವುದು ಸತುವಿನ ಲೇಪ, ಅದು 420 ಡಿಗ್ರಿ ಹತ್ತಿರ ಕರಗುತ್ತದೆ. ಬರ್ನರ್ ಉರಿ ನೇರವಾಗಿ ತಾಗುವ ಕಡೆ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಬಿಸಿಯಾದ ಸತುವಿನಿಂದ ಏಳುವ ಹೊಗೆ ಉಸಿರಾಡುವವರಿಗೂ ಕೆಟ್ಟದ್ದು, ತಿನ್ನುವ ಪದಾರ್ಥಕ್ಕೂ ಕೆಟ್ಟದ್ದು.

ನಾನು ಎಡವಿದ ಜಾಗ: ಎಷ್ಟು ಸುತ್ತು?

ನಾನು ನೋಡಿ ಕಲಿತ ಒಂದು ಡ್ರಮ್ 30 ಸೆಂ.ಮೀ. ವ್ಯಾಸದ್ದು. ಅದು ನಿಮಿಷಕ್ಕೆ 40 ಸುತ್ತು ತಿರುಗುತ್ತಿತ್ತು, ಬೀಜ ಚೆನ್ನಾಗಿ ಹುರಿಯುತ್ತಿತ್ತು. ನಾನೂ ನನ್ನ 15 ಸೆಂ.ಮೀ. ಡ್ರಮ್ಮಿಗೆ 40 ಇಟ್ಟೆ. ಬೀಜ ಮೇಲೆ ಏರಲೇ ಇಲ್ಲ. ತಳದಲ್ಲೇ ಗುಡ್ಡೆಯಾಗಿ ಸರ್ ಸರ್ ಎಂದು ಜಾರುತ್ತಿತ್ತು. ಹುರಿದ ಮೇಲೆ ನೋಡಿದರೆ ಒಂದೊಂದು ಬೀಜಕ್ಕೂ ಒಂದು ಕಡೆ ಕಪ್ಪು ಚುಕ್ಕೆ, ಇನ್ನೊಂದು ಕಡೆ ತಿಳಿ ಕಂದು.

ಆಗ ಹೀಗೆ ಯೋಚಿಸಿದೆ. ನನ್ನ ಡ್ರಮ್ ಅರ್ಧ ಗಾತ್ರದ್ದು, ಅದರ ಗೋಡೆ ಒಂದು ಸುತ್ತಿಗೆ ಅರ್ಧ ದೂರ ಮಾತ್ರ ಓಡುತ್ತದೆ, ಹಾಗಾದರೆ ಗೋಡೆಯ ವೇಗ ಸಮ ಆಗಬೇಕಾದರೆ ಎರಡು ಪಟ್ಟು ಸುತ್ತು ಬೇಕು. ವೈಪರ್ ಮೋಟರ್ ಅಷ್ಟು ಓಡದ ಕಾರಣ ಪುಲ್ಲಿ ಬದಲಿಸಿ 80ಕ್ಕೆ ತಂದೆ. ಈಗ ಬೀಜ ಮೇಲಿನವರೆಗೂ ಏರಿ ಎದುರಿನ ಗೋಡೆಗೆ ಟಪ ಟಪ ಎಂದು ಬಡಿಯತೊಡಗಿತು. ಕೆಲವು ಬೀಜ ಒಳಗೋಡೆಯ ಪಟ್ಟಿಗಳ, ಅಂದರೆ ರೆಕ್ಕೆಗಳ, ಸಂದಿಯಲ್ಲೇ ಕೂತು ಪೂರ್ತಿ ಸುತ್ತು ಹೊಡೆಯುತ್ತಿದ್ದವು. ಬಣ್ಣ ಮತ್ತೆ ಹೆಚ್ಚುಕಡಿಮೆ.

40 ತಪ್ಪು, 80 ಕೂಡ ತಪ್ಪು. ಸರಿಯಾದದ್ದು 57. ನಡುವಿನ ಒಂದು ಸಂಖ್ಯೆಯನ್ನು ಅಂದಾಜಿಗೆ ಹಿಡಿದದ್ದಲ್ಲ ಇದು. ಲೆಕ್ಕದಿಂದಲೇ ಬರುತ್ತದೆ, ಅದನ್ನು ನಿಧಾನವಾಗಿ ಹೇಳುತ್ತೇನೆ.

ಬೀಜ ಗೋಡೆಗೆ ಒತ್ತಿಕೊಳ್ಳುವುದು ಗೋಡೆ ಓಡುವ ವೇಗ ಒಂದರಿಂದಲೇ ಅಲ್ಲ, ತಿರುವು ಎಷ್ಟು ಬಿಗಿ ಎಂಬುದರಿಂದಲೂ ಹೌದು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಇದು ಗೊತ್ತು. ಮೂವತ್ತು ಕಿ.ಮೀ. ವೇಗದಲ್ಲಿ ಹೇರ್‌ಪಿನ್ ತಿರುವು ತೆಗೆದುಕೊಂಡರೆ ಭುಜ ಕಿಟಕಿಗೆ ಒತ್ತುತ್ತದೆ. ಅದೇ ಮೂವತ್ತರಲ್ಲಿ ಹೆದ್ದಾರಿಯ ಅಗಲ ತಿರುವಿನಲ್ಲಿ ಹೋದರೆ ಏನೂ ಗೊತ್ತಾಗುವುದಿಲ್ಲ. ಸಣ್ಣ ಡ್ರಮ್ ಅಂದರೆ ಘಾಟಿ ತಿರುವು. ಗೋಡೆಯ ವೇಗವನ್ನು ದೊಡ್ಡ ಡ್ರಮ್ಮಿಗೆ ಸಮ ಮಾಡಿದರೆ ಇಲ್ಲಿ ಬೀಜದ ಮೇಲೆ ಒತ್ತಡ ಎರಡು ಪಟ್ಟು ಆಗುತ್ತದೆ. ನಾನು ತಪ್ಪಿದ್ದು ಇಲ್ಲೇ.

ಈಗ ಒತ್ತಡದ ಲೆಕ್ಕ. ಸುತ್ತು ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ಒತ್ತಡ ಎರಡು ಪಟ್ಟು. ವ್ಯಾಸ ಅಷ್ಟೇ ಇಟ್ಟು ಸುತ್ತು ಎರಡು ಪಟ್ಟು ಮಾಡಿದರೆ ಒತ್ತಡ ನಾಲ್ಕು ಪಟ್ಟು. ಅಂದರೆ ಸುತ್ತು ಎರಡು ಸಲ ಗುಣಿಸಿಕೊಳ್ಳುತ್ತದೆ, ವ್ಯಾಸ ಒಂದೇ ಸಲ. ಎರಡು ಡ್ರಮ್ಮಿನಲ್ಲಿ ಬೀಜ ಒಂದೇ ರೀತಿ ಉರುಳಬೇಕಾದರೆ ಸಮ ಆಗಬೇಕಾದದ್ದು ಇದು:

ಸುತ್ತು × ಸುತ್ತು × ವ್ಯಾಸ

ದೊಡ್ಡ ಡ್ರಮ್ಮಿನದು 40 × 40 × 30, ಅಂದರೆ 48,000. ನನ್ನದಕ್ಕೆ 48,000ವನ್ನು 15ರಿಂದ ಭಾಗಿಸಿದರೆ 3,200. ಅದರ ವರ್ಗಮೂಲ 56.6. ಅಷ್ಟೇ! ಈ 48,000 ಎಂಬ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು, ವ್ಯಾಸ ಸೆಂ.ಮೀ.ನಲ್ಲಿರಲಿ. 10 ಸೆಂ.ಮೀ. ಡಬ್ಬಕ್ಕೆ 69 ಸುತ್ತು, 20 ಸೆಂ.ಮೀ. ಪಾತ್ರೆಗೆ 49, 60 ಸೆಂ.ಮೀ. ದೊಡ್ಡ ಡ್ರಮ್ಮಿಗೆ 28. ಸಣ್ಣ ಡ್ರಮ್ ಬೇಗ ತಿರುಗಬೇಕು, ಆದರೆ ನಾವು ಅಂದುಕೊಂಡಷ್ಟು ಬೇಗ ಅಲ್ಲ.

ಮೇಲಿನ ಮಿತಿ ಯಾವುದು ಎಂದೂ ತಿಳಿದಿರಬೇಕು. ತೀರಾ ಮೇಲೆ ತಲುಪಿದ ಬೀಜ ಬೀಳದೆ ಗೋಡೆಗೇ ಅಂಟಿಕೊಂಡು ತಿರುಗುವ ವೇಗವದು. ಅಲ್ಲಿ ಬೀಜದ ಭಾರ ಮತ್ತು ಸುತ್ತಿನ ಒತ್ತಡ ಸಮ. 42.3ನ್ನು ವ್ಯಾಸದ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ ವ್ಯಾಸ ಮೀಟರಿನಲ್ಲಿರಬೇಕು, ಜೋಪಾನ. ತ್ರಿಜ್ಯವಲ್ಲ, ವ್ಯಾಸ. 0.15ರ ವರ್ಗಮೂಲ 0.387, ಹಾಗಾಗಿ ನನ್ನ ಮಿತಿ 109 ಸುತ್ತು. 57 ಅಂದರೆ ಮಿತಿಯ ಅರ್ಧಕ್ಕಿಂತ ಚೂರು ಮೇಲೆ. 40 ಅಂದರೆ ಶೇ 37, ಬೀಜ ಜಾರುತ್ತದೆ. 80 ಅಂದರೆ ಶೇ 73, ಬೀಜ ಹಾರುತ್ತದೆ. ಮೂರೂ ನನ್ನ ಕಣ್ಣೆದುರು ನಡೆದದ್ದಕ್ಕೆ ಸರಿಯಾಗಿ ಹೊಂದುತ್ತವೆ. ಇದು ಕಾಗದದ ಮೇಲೆ ಕೂಡಿಬಂದಾಗ ಆದ ಖುಷಿ ಹೇಳತೀರದು.

ಒಲೆ ಹಚ್ಚುವ ಮೊದಲು ತಣ್ಣಗೇ ಪರೀಕ್ಷೆ ಮಾಡಿ. ಡ್ರಮ್ಮಿನ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬೀಜ ಹಾಕಿ ತಿರುಗಿಸಿ, ಫೋನಿನಲ್ಲಿ ವಿಡಿಯೊ ತೆಗೆಯಿರಿ. ಅಂಚಿಗೆ ಸೀಮೆಸುಣ್ಣದ ಒಂದು ಗೆರೆ ಹಾಕಿದ್ದರೆ ಸುತ್ತನ್ನೂ ಅದರಲ್ಲೇ ಎಣಿಸಬಹುದು. ಡ್ರಮ್ ಬಾಯಿಯನ್ನು ಗಡಿಯಾರ ಅಂದುಕೊಳ್ಳಿ, ಅದು ಗಡಿಯಾರದ ದಿಕ್ಕಿಗೇ ತಿರುಗುತ್ತಿದೆ. ಬೀಜ ಆರರಿಂದ ಎಂಟರ ನಡುವೆಯೇ ತೂಗುತ್ತಿದ್ದರೆ ನಿಧಾನ ಜಾಸ್ತಿ. ಹತ್ತರ ಹತ್ತಿರ ಏರಿ ಅಲ್ಲಿಂದ ಕೆಳಗೆ ಸುರಿಯುತ್ತಿದ್ದರೆ ಸರಿ. ಹನ್ನೆರಡು ದಾಟಿ ಬಲಕ್ಕೆ ಹೋದರೆ ವೇಗ ಜಾಸ್ತಿ. ಶಬ್ದವೂ ಹೇಳುತ್ತದೆ. 57ರಲ್ಲಿ ಅದು ತಗಡಿನ ಮಾಡಿನ ಮೇಲೆ ಬೀಳುವ ಸಣ್ಣ ಮಳೆಯ ಹಾಗಿರುತ್ತದೆ, ಎಡೆಬಿಡದೆ, ಒಂದೇ ಸಮ.

ರೆಕ್ಕೆಗಳು

ಒಳಗೆ ಎರಡು ಸೆಂ.ಮೀ. ಎತ್ತರದ ನಾಲ್ಕು ಪಟ್ಟಿ. ಎರಡು ಬೀಜವನ್ನು ಹಿಂದಕ್ಕೆ ತಳ್ಳುವ ಓರೆಯಲ್ಲಿ, ಎರಡು ಮುಂದಕ್ಕೆ ತಳ್ಳುವ ಓರೆಯಲ್ಲಿ. ಎಲ್ಲವೂ ಒಂದೇ ಓರೆಯಾದರೆ ಬೀಜವೆಲ್ಲ ಒಂದು ತುದಿಗೆ ಸೇರಿಕೊಳ್ಳುತ್ತದೆ.

ಬೇರಿಂಗ್

ಶಾಫ್ಟ್ 15 ಮಿ.ಮೀ., ಹಾಗಾಗಿ ಅದೇ ಅಳತೆಯ ತೂತಿನ 6202 ಬೇರಿಂಗ್. ಡ್ರಮ್ಮಿನಿಂದ ಆರು ಸೆಂ.ಮೀ. ಆಚೆ ಇಡಿ, ಇಲ್ಲದಿದ್ದರೆ ಗ್ರೀಸ್ ಸುಡುತ್ತದೆ. ಸ್ಟೇನ್‌ಲೆಸ್ ಶಾಫ್ಟ್ ಬಿಸಿಗೆ ಉದ್ದವಾಗುತ್ತದೆ. ಅದರ 25 ಸೆಂ.ಮೀ. ಭಾಗ 200 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಒಂದು ಮಿ.ಮೀ. ಬೆಳೆಯುತ್ತದೆ. ಒಂದು ಬೇರಿಂಗನ್ನು ಬಿಗಿಯಾಗಿ ಕೂರಿಸಿ, ಇನ್ನೊಂದರಲ್ಲಿ ಶಾಫ್ಟ್ ಜಾರಲು ಬಿಡಿ. ಎರಡೂ ಕಡೆ ಬಿಗಿದರೆ ಬಿಸಿಯಾದಾಗ ಡ್ರಮ್ ನಿಂತೇ ಹೋಗಬಹುದು, ನಿಂತ ಡ್ರಮ್ಮಿನಲ್ಲಿ ಬೀಜಕ್ಕೆ ಬೆಂಕಿ ಹತ್ತಬಹುದು.

ಎಷ್ಟು ಉರಿ ಬೇಕು

250 ಗ್ರಾಂ ಬೀಜವನ್ನು 215 ಡಿಗ್ರಿಗೆ ಏರಿಸಲು ಸುಮಾರು 85 ಕಿಲೋಜೂಲ್. ಬೀಜದಲ್ಲಿ ಶೇ 11ರಷ್ಟು ನೀರು, ಅದನ್ನು ಆವಿ ಮಾಡಲು ಇನ್ನೊಂದು 62. ಒಟ್ಟು 147. ಹನ್ನೆರಡು ನಿಮಿಷಕ್ಕೆ ಹಂಚಿದರೆ ಸುಮಾರು 204 ವ್ಯಾಟ್ ಮಾತ್ರ. ಒಲೆಯ ಸಣ್ಣ ಬರ್ನರ್ ಕೂಡ ಕಿಲೋವ್ಯಾಟ್‌ಗಿಂತ ಜಾಸ್ತಿ ಕೊಡುತ್ತದೆ. ಹಾಗಾಗಿ ದೊಡ್ಡ ಬರ್ನರ್ ಹುಡುಕಬೇಡಿ. ಡ್ರಮ್ಮಿನ ಸುತ್ತ ತಗಡಿನ ಮರೆ ಕಟ್ಟಿ ಗಾಳಿಗೆ ಹೋಗುವ ಬಿಸಿಯನ್ನು ಹಿಡಿಯಿರಿ. ಮೇಲೆ ಹೊಗೆ ಹೋಗಲು ದಾರಿ ಇರಲಿ. ಕೆಲಸ ಮನೆಯ ಹೊರಗೇ ಆಗಲಿ.

ಥರ್ಮಾಮೀಟರ್ ಬಗ್ಗೆ ಒಂದು ಮಾತು

ಕೆ-ಟೈಪ್ ಕಡ್ಡಿಯನ್ನು ಮುಂದಿನ ತಿರುಗದ ಮುಚ್ಚಳದಿಂದ ಒಳಗೆ ತೂರಿಸಿದ್ದೇನೆ. ತುದಿ ಬೀಜದ ರಾಶಿಯೊಳಗೆ ಮುಳುಗುವಂತೆ, ಅಂದರೆ ಎಂಟು ಗಂಟೆಯ ಜಾಗದಲ್ಲಿ. ಬೀಜ ಸುರಿದ ತಕ್ಷಣ ಮೀಟರ್ 180ರಿಂದ 90ಕ್ಕೆ ಇಳಿದು ಮತ್ತೆ ಏರುತ್ತದೆ. ಬೀಜವೇ ತಣ್ಣಗಾಗಿ ಆಮೇಲೆ ಬಿಸಿಯಾಯಿತು ಅಂದುಕೊಂಡಿದ್ದೆ. ಹಾಗಲ್ಲ. ಬೀಜದ ಬಿಸಿ ಮೊದಲ ಕ್ಷಣದಿಂದ ಏರುತ್ತಲೇ ಇರುತ್ತದೆ. ಬಿಸಿ ಡ್ರಮ್ಮಿನ ಗಾಳಿಯಲ್ಲಿ ಕಾದಿದ್ದ ಕಡ್ಡಿ ತಣ್ಣನೆ ಬೀಜದೊಳಗೆ ಮುಳುಗಿ ನಿಧಾನವಾಗಿ ಅದರ ಬಿಸಿಗೆ ಇಳಿಯುತ್ತದೆ, ಅಷ್ಟರಲ್ಲಿ ಬೀಜದ ಬಿಸಿ ಮೇಲೆ ಬಂದಿರುತ್ತದೆ, ಎರಡೂ ಸಂಧಿಸುವ ಜಾಗವೇ ಆ 90. ಮೊದಲ ಒಂದೂವರೆ ನಿಮಿಷದ ಅಂಕಿಯನ್ನು ನಂಬಬೇಡಿ.

ಮೊನ್ನೆಯ ಹುರಿತ: 250 ಗ್ರಾಂ, 57 ಸುತ್ತು. 9 ನಿಮಿಷ 40 ಸೆಕೆಂಡಿಗೆ ಬೀಜ ಸಿಡಿಯುವ ಮೊದಲ ಚಟಪಟ, ಆಗ ಮೀಟರ್ 199. 11 ನಿಮಿಷ 30ಕ್ಕೆ ಹೊರಗೆ ಸುರಿದೆ. ತೂಕ 213 ಗ್ರಾಂ, ಅಂದರೆ ಶೇ 15ರ ಹತ್ತಿರ ಇಳಿಕೆ. ಒಂದು ಹಿಡಿ ಬಿಳಿ ಕಾಗದದ ಮೇಲೆ ಹರಡಿ ನೋಡಿದೆ. ಎಲ್ಲಾ ಒಂದೇ ಬಣ್ಣ, ಚುಕ್ಕೆ ಇಲ್ಲ. ತಣಿಸಲು ಮಾತ್ರ ಇನ್ನೂ ಮೊರದಲ್ಲಿ ಕೇರುತ್ತಿದ್ದೇನೆ, ಏಳು ನಿಮಿಷ ಹಿಡಿಯುತ್ತಿದೆ. ನಾಲ್ಕರೊಳಗೆ ಆಗಬೇಕು. ಮುಂದಿನ ಭಾನುವಾರ ಜರಡಿಯ ಕೆಳಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸುತ್ತೇನೆ.