ಡಿಬಿಎ: ಫ್ಯಾನಿನ ಸಪ್ಪಳ ಎಷ್ಟು, ಎಂಥದ್ದು?

ಕಂಪ್ಯೂಟರ್ ಫ್ಯಾನಿನ ಡಬ್ಬಿಯನ್ನು ಹಿಂದೆ ತಿರುಗಿಸಿದರೆ ಒಂದು ಪಟ್ಟಿ ಕಾಣುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಗಾಳಿ, ಎಷ್ಟು ಕರೆಂಟ್. ಅದರ ನಡುವೆ ಒಂದು ಸಾಲು: 20 ಡಿಬಿಎ, 27 ಡಿಬಿಎ, 31 ಡಿಬಿಎ. ಸಪ್ಪಳ ಇಲ್ಲದ ಕಂಪ್ಯೂಟರ್ ಬೇಕು ಅನ್ನುವವರು ಮೊದಲು ಹುಡುಕುವುದು ಈ ಸಾಲನ್ನೇ. ಅಂಕಿ ಕಡಿಮೆ ಇದ್ದರೆ ಫ್ಯಾನ್ ಮೆತ್ತಗೆ, ಅಷ್ಟೇ ಅಂತ ನಾನೂ ನಂಬಿದ್ದೆ.

ಹೋದ ವರ್ಷ ವಿಜಯಪುರದ ನಮ್ಮ ಮನೆಯಲ್ಲಿ ತಂಗಿಗೆ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಟ್ಟೆ. ಅವಳು ವಚನ ಹಾಡಿ ರೆಕಾರ್ಡ್ ಮಾಡುತ್ತಾಳೆ. ಮೈಕ್ ಇರುವುದು ಕಂಪ್ಯೂಟರಿನಿಂದ ಒಂದೇ ಮೊಳ ದೂರದಲ್ಲಿ. ಅದಕ್ಕೇ 20 ಡಿಬಿಎ ಅಂತ ಬರೆದಿದ್ದ ಮೂರು ಫ್ಯಾನ್ ಹುಡುಕಿ ತಂದೆ. ಮೊದಲ ರಾತ್ರಿ ಹಾಡಿದ್ದನ್ನು ಕೇಳಿದರೆ, ಹಾಡಿನ ಕೆಳಗೆ ಉದ್ದಕ್ಕೂ ಗುಂಯ್ ಅನ್ನುವ ಒಂದು ಎಳೆ. ತಂಗಿ ಏನೂ ಅನ್ನಲಿಲ್ಲ. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದಳು.

ಆವಾಗ ಈ ಪದದ ಬೆನ್ನು ಹತ್ತಿದೆ.

ಡಿಬಿ ಅಂದರೆ ಡೆಸಿಬಲ್. ಇದರಲ್ಲಿರುವ 'ಬೆಲ್' ಗಂಟೆಯಲ್ಲ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರ ಹೆಸರಿನ ಅಳತೆಯ ಹತ್ತನೇ ಒಂದು ಭಾಗ ಡೆಸಿಬಲ್. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಇಂಜಿನಿಯರುಗಳು, ಉದ್ದ ತಂತಿಯಲ್ಲಿ ದನಿ ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಲು ಇದನ್ನು ಮಾಡಿಕೊಂಡರು. ಇದು ಕಿಲೋ, ಮೀಟರ್ ಥರದ ಅಳತೆಯಲ್ಲ. ಒಂದು ಸದ್ದು ಇನ್ನೊಂದಕ್ಕಿಂತ ಎಷ್ಟು ಪಟ್ಟು ಅಂತ ಹೇಳುವ ಅಳತೆ. ಹೋಲಿಕೆಗೆ ಹಿಡಿದಿರುವುದು ಒಳ್ಳೆಯ ಕಿವಿಗೆ ಕೇಳಿಸಿಯೂ ಕೇಳಿಸದಂಥ ಸದ್ದನ್ನು. ಅದರ ಒತ್ತಡ 20 ಮೈಕ್ರೋಪಾಸ್ಕಲ್. ಅದಕ್ಕೆ ಸೊನ್ನೆ ಡೆಸಿಬಲ್ ಅಂತ ಹೆಸರು. ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲ್ಲ.

'ಎಷ್ಟು ಪಟ್ಟು' ಅನ್ನುವ ಲೆಕ್ಕ ಆದ್ದರಿಂದ ಇಲ್ಲಿ ಕೂಡುವ ರೀತಿಯೇ ಬೇರೆ. ನಮ್ಮ ಸೋದರಮಾವನ ಮನೆ ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ. ಆ ಓಣಿಯಲ್ಲಿ ಹಗಲೆಲ್ಲ ಪಾವರ್‌ಲೂಮಿನ ಖಟಪಟ. ಒಂದು ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಶುರುವಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಆದರೆ ಅಳತೆಯಲ್ಲಿ ಏರುವುದು ಬರೀ 3 ಡೆಸಿಬಲ್. ಹತ್ತು ಮಗ್ಗ ಓಡಿದರೆ 10 ಡೆಸಿಬಲ್ ಏರುತ್ತದೆ. ಕಿವಿಗೆ ಆ ಹತ್ತು ಮಗ್ಗ ಹತ್ತು ಪಟ್ಟು ಜೋರು ಅನ್ನಿಸುವುದಿಲ್ಲ. ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಹಾಗಾಗಿ 20 ಮತ್ತು 21 ಡಿಬಿಎ ಫ್ಯಾನಿನ ನಡುವೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 20 ಮತ್ತು 30ರ ನಡುವೆ ಮಾತ್ರ ಖಂಡಿತ ಕೆಡಿಸಿಕೊಳ್ಳಿ.

ನಾನು ತಂದಿದ್ದು ಮೂರು ಫ್ಯಾನ್ ಅಲ್ವಾ? ಒಂದೊಂದೂ 20 ಇದ್ದರೆ ಮೂರೂ ಸೇರಿ ಸುಮಾರು 25. ಡಬ್ಬಿ ಹೇಳಿದ್ದು ನಿಜವೇ ಇದ್ದರೂ, ಜೋಡಿಸುವಾಗಲೇ 5 ಏರಿತ್ತು.

ಇನ್ನು ದೂರದ ವಿಷಯ. ಇದನ್ನು ತಿಳಿಯಲು ಗೋಲಗುಮ್ಮಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಯಲಿನಲ್ಲಿ ಒಬ್ಬರು ಪಿಸುಗುಟ್ಟಿದರೆ ನಾಲ್ಕು ಹೆಜ್ಜೆ ಆಚೆ ಅದು ಕೇಳಿಸುವುದಿಲ್ಲ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಆದರೆ 1656ರಲ್ಲಿ ಕಟ್ಟಿ ಮುಗಿಸಿದ ಆ ಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ, ಗೋಡೆಗೆ ಬಾಯಿ ಹತ್ತಿರ ಇಟ್ಟು ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿ ಕೊಟ್ಟವರಿಗೆ ಸಿಗುತ್ತದೆ. ಬಾಗಿದ ಗೋಡೆ ಆ ಸದ್ದನ್ನು ಚದುರಲು ಬಿಡದೆ ತನ್ನ ಮೈಗುಂಟ ಸಾಗಿಸುತ್ತದೆ. ಬೆಳಿಗ್ಗೆ ಜನ ಬರುವ ಮೊದಲೇ ಹೋಗಿ ಕೇಳಬೇಕು. ಆಮೇಲೆ ಹೋದರೆ ಸುಮ್ನೆ ಗದ್ದಲ.

ಡಬ್ಬಿಯ ಮೇಲಿನ ಅಂಕಿ ಬಯಲಿನ ಪಿಸುಮಾತಿನ ಹಾಗೆ. ಕಂಪನಿಯವರು ಫ್ಯಾನನ್ನು ಸದ್ದು ಹೀರುವ ಕೋಣೆಯಲ್ಲಿ ಇಟ್ಟು, ಮುಂದೆ ಹಿಂದೆ ಏನೂ ಅಡ್ಡ ಇಲ್ಲದೆ, ಸಾಮಾನ್ಯವಾಗಿ 1 ಮೀಟರ್ ದೂರದಿಂದ ಅಳೆಯುತ್ತಾರೆ. ನಮ್ಮದು ಹಳೇ ಕಲ್ಲಿನ ಗೋಡೆಯ ಮನೆ. ತಂಗಿಯ ಕೋಣೆಯ ಗೋಡೆಯಲ್ಲಿ ದೊಡ್ಡ ಗೂಡು ಇದೆ. ಜಾಗ ಉಳಿಯುತ್ತದೆ ಅಂತ ನಾನು ಕಂಪ್ಯೂಟರನ್ನು ಆ ಗೂಡಿನೊಳಗೇ ಕೂರಿಸಿದ್ದೆ. ಮೂರು ಕಡೆ ಕಲ್ಲು, ಒಂದು ಕಡೆ ಬಾಯಿ. ಸಪ್ಪಳಕ್ಕೆ ಹೋಗಲು ಇದ್ದ ದಾರಿ ಒಂದೇ, ನೇರ ಮೈಕಿನ ಕಡೆ. ಮೈಕ್ ಇದ್ದದ್ದು ಅರ್ಧ ಮೀಟರಿನಲ್ಲಿ. ಅಂದರೆ 25ಕ್ಕೆ ಇನ್ನೊಂದು 6 ಸೇರಿಸಿ, 31. ಗೂಡಿನ ಲೆಕ್ಕ ಅದರ ಮೇಲೆ. ರಾತ್ರಿ ನಿಶ್ಶಬ್ದ ಇರುವ ಮಲಗುವ ಕೋಣೆಯಲ್ಲಿ ಸುಮಾರು 30 ಡಿಬಿಎ ಇರುತ್ತದೆ. ಅದನ್ನು ಮೀರಿದ್ದೆಲ್ಲ ಕಿವಿಗೆ ಬೀಳುತ್ತದೆ.

ಈಗ ಕೊನೆಯ ಅಕ್ಷರ, ಎ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ನಮ್ಮ ಕಿವಿ ಎಲ್ಲ ಸದ್ದನ್ನೂ ಒಂದೇ ರೀತಿ ಕೇಳುವುದಿಲ್ಲ. ತಗ್ಗು ದನಿಗೆ ಅದು ಮಂದ, ಕೂಸು ಅಳುವ ಎತ್ತರದ ದನಿಗೆ ಚುರುಕು. ಸದ್ದು ಅಳೆಯುವ ಮೀಟರ್‌ಗೆ ಆ ಭೇದ ಇಲ್ಲ. ಹಾಗಾಗಿ ಅಳೆದ ಮೇಲೆ ತಗ್ಗಿನ ಸದ್ದುಗಳ ಅಂಕಿಯನ್ನು ಕಿವಿಗೆ ತಕ್ಕಂತೆ ಕಡಿತ ಮಾಡುತ್ತಾರೆ. ಆ ಕಡಿತದ ಕೋಷ್ಟಕಕ್ಕೆ 'ಎ' ಅಂತ ಹೆಸರು. 1000 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 1000 ಸಲ ಕಂಪಿಸುವ ಸದ್ದಿನಲ್ಲಿ, ಕಡಿತ ಏನೂ ಇಲ್ಲ. 125ರಲ್ಲಿ 16 ಡೆಸಿಬಲ್, 100ರಲ್ಲಿ 19.

ಫ್ಯಾನಿನ ಗುಂಯ್ ಎಲ್ಲಿ ಕೂರುತ್ತದೆ ನೋಡಿ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು. ಪ್ರತಿ ಸುತ್ತಿಗೂ ಏಳು ರೆಕ್ಕೆ ಚೌಕಟ್ಟಿನ ಒಂದೇ ಸರಳನ್ನು ದಾಟುತ್ತವೆ. ಸೆಕೆಂಡಿಗೆ 140 ಸಲ, ಅಂದರೆ 140 ಹರ್ಟ್ಜ್. ಡಿಬಿಎ ಲೆಕ್ಕದಲ್ಲಿ ಬಹಳಷ್ಟು ಕಡಿತವಾಗುವುದು ಈ ಜಾಗದಲ್ಲೇ. ಕಿವಿಗೆ ಅದು ನ್ಯಾಯವೇ. ಆದರೆ ತಂಗಿಯ ಮೈಕಿಗೆ 'ಎ' ಕೋಷ್ಟಕ ಗೊತ್ತಿಲ್ಲ. ಅದು ಬಂದದ್ದನ್ನು ಬಂದ ಹಾಗೆ ಹಿಡಿಯುತ್ತದೆ. ಕೋಣೆಯಲ್ಲಿ ಕೂತ ನನಗೆ ಸಣ್ಣಗೆ ಕೇಳಿದ್ದು ಹೆಡ್‌ಫೋನಿನಲ್ಲಿ ಎದ್ದು ಕಂಡದ್ದು ಇದಕ್ಕೇ.

ಮುಖ್ಯ ಮಾತು ಇದು: ಡಿಬಿಎ ಸಪ್ಪಳ ಎಷ್ಟು ಅಂತ ಹೇಳುತ್ತದೆ, ಎಂಥದ್ದು ಅಂತ ಹೇಳುವುದಿಲ್ಲ. ಎಂಥದ್ದು ಅನ್ನುವುದಕ್ಕೆ ಕನ್ನಡದಲ್ಲೇ ಬೇಕಾದಷ್ಟು ಮಾತಿವೆ. ಬರೀ ಗಾಳಿ ಹರಿದರೆ ಸುಯ್. ರೆಕ್ಕೆ ಅಡ್ಡಿಗೆ ಹತ್ತಿರ ಓಡಿದರೆ ಗುಂಯ್. ಬೇರಿಂಗ್ ಸವೆದರೆ ಗರಗರ. ವೈರು ರೆಕ್ಕೆಗೆ ತಾಗಿದರೆ ಟರ್ರ್. ನಿಧಾನಕ್ಕೆ ಓಡಿಸಿದಾಗ ಮೋಟರಿನಿಂದ ಬರುವುದು ಟಿಕ್ ಟಿಕ್. 25 ಡಿಬಿಎ ಸುಯ್ ಜೊತೆ ಇಡೀ ರಾತ್ರಿ ಓದಬಹುದು. 20 ಡಿಬಿಎ ಟಿಕ್ ಟಿಕ್ ಜೊತೆ ಅರ್ಧ ಗಂಟೆ ಕೂರುವುದೂ ಕಷ್ಟ.

ಇದನ್ನು ಕೈಯಲ್ಲೇ ಪರೀಕ್ಷೆ ಮಾಡಿದೆ. ಕಂಪ್ಯೂಟರಿನ ಮುಂಬದಿಯ ಫ್ಯಾನನ್ನು ಬಿಚ್ಚಿ, ವೈರ್ ಹಾಗೇ ಬಿಟ್ಟು, ಚೌಕಟ್ಟಿನ ಅಂಚು ಹಿಡಿದು ಗಾಳಿಯಲ್ಲಿ ಎತ್ತಿದೆ. ಸುಯ್, ಅಷ್ಟೇ. ಗಾಳಿ ಎಳೆಯುವ ಮುಖವನ್ನು ನಿಧಾನಕ್ಕೆ ಧೂಳಿನ ಜಾಲರಿಯ ಹತ್ತಿರ ತಂದೆ. ಎರಡು ಬೆರಳು ಅಂತರ ಇರುವವರೆಗೆ ಏನೂ ಬದಲಾಗಲಿಲ್ಲ. ಒಂದು ಬೆರಳಿಗೆ ಬಂದಾಗ ಸದ್ದಿನ ಅಂಚು ಒರಟಾಯಿತು. ಪೂರ್ತಿ ತಾಗಿಸಿದಾಗ ಗುಂಯ್ ಶುರು. ಸುತ್ತು ಅಷ್ಟೇ, ಫ್ಯಾನ್ ಅದೇ, ಡಬ್ಬಿಯ ಮೇಲಿನ 20 ಅದೇ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಣ್ಣುಗಳೆಲ್ಲ ಎರೆ ಹೊಲದ ಸಣ್ಣ ಧೂಳಿನಿಂದ ಅರ್ಧ ಕಟ್ಟಿದ್ದವು. ಹಚ್ಚಿ ಮೂರು ವಾರವೂ ಆಗಿರಲಿಲ್ಲ.

ನಮ್ಮ ಕಡೆ ಜಾಲರಿ ತೆಗೆದು ಎಸೆಯುವ ಮಾತೇ ಇಲ್ಲ. ಧೂಳೆಲ್ಲ ಒಳಗೆ ಹೋಗಿ ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಸಂದಿಯಲ್ಲಿ ಕೂರುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಇನ್ನೊಂದು ಸಾಲು ನೋಡಬೇಕು: ಸ್ಟ್ಯಾಟಿಕ್ ಪ್ರೆಶರ್. ಅಡ್ಡಿ ಎದುರಾದಾಗ ಗಾಳಿಯನ್ನು ತಳ್ಳುವ ಜೋರು ಇದು. ನೀರಿನ ಎಷ್ಟು ಮಿಲಿಮೀಟರ್ ಎತ್ತರವನ್ನು ತಡೆದು ನಿಲ್ಲಿಸಬಲ್ಲದು ಅಂತ ಅಳೆಯುತ್ತಾರೆ. 2ರ ಆಸುಪಾಸು ಇದ್ದರೆ ಜಾಲರಿಯ ಹಿಂದೆ ಚೆನ್ನಾಗಿ ದುಡಿಯುತ್ತದೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25 ಅನ್ನುವ 120 ಎಂಎಂ ಫ್ಯಾನ್ 2000 ಸುತ್ತಿನಲ್ಲಿ 22.6 ಡಿಬಿಎ, 2.34 ಮಿಲಿಮೀಟರ್ ಅಂತ ಹೇಳಿಕೊಳ್ಳುತ್ತದೆ. ದುಬಾರಿ. ಆರ್ಕ್ಟಿಕ್ ಕಂಪನಿಯ ಪಿ12 ಪಿಡಬ್ಲ್ಯುಎಂ ಅಗ್ಗ, ಜಾಲರಿಯ ಹಿಂದೆ ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಪಟ್ಟಿಯಲ್ಲಿ ಡಿಬಿಎ ಬದಲು 0.3 ಸೋನ್ ಅಂತ ಇರುತ್ತದೆ. ಗಾಬರಿಯಾಗಬೇಡಿ. ಸೋನ್ ಕೂಡ ಕಿವಿಯ ಅಳತೆಯೇ. 2 ಸೋನ್ ಅಂದರೆ 1 ಸೋನಿನ ಎರಡು ಪಟ್ಟು ಜೋರು, ನೇರ ಲೆಕ್ಕ. ಎರಡು ಕಂಪನಿಗಳ ಅಂಕಿಯನ್ನು ಎದುರುಬದುರು ಇಟ್ಟು ತೂಗಲು ಮಾತ್ರ ಹೋಗಬೇಡಿ. ಅವರವರ ಕೋಣೆ, ಅವರವರ ಮೈಕ್.

ಹಾಗಾದರೆ ಏನನ್ನು ನೋಡಿ ಕೊಳ್ಳಬೇಕು? ನನ್ನ ಮಟ್ಟಿಗೆ ಮೊದಲು ಗಾತ್ರ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ, ಗಾಳಿ ಅರ್ಧ ಮಾತ್ರ ಕಡಿಮೆಯಾಗುತ್ತದೆ. 1500 ಸುತ್ತನ್ನು 1200ಕ್ಕೆ ತಂದರೂ ಸುಮಾರು 5 ಡೆಸಿಬಲ್ ಉಳಿತಾಯ. ಇಷ್ಟು ಅಗ್ಗದ ಉಳಿತಾಯ ಬೇರೆಲ್ಲೂ ಸಿಗದು. ನಿಧಾನ ತಿರುಗಿಯೂ ಗಾಳಿ ಸಾಲಬೇಕಾದರೆ ರೆಕ್ಕೆ ದೊಡ್ಡದಿರಬೇಕು. 140 ಎಂಎಂ ಫ್ಯಾನಿನ ಮುಖದ ವಿಸ್ತೀರ್ಣ 120ರದ್ದಕ್ಕಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ. ಕ್ಯಾಬಿನೆಟ್ ಕೊಳ್ಳುವಾಗಲೇ ಮುಂದೆ 140 ಕೂರುತ್ತದೆಯೇ ಅಂತ ಕೇಳಿ. ಮುಚ್ಚಿದ ಗಾಜಿನ ಮುಖಕ್ಕಿಂತ ಜಾಲರಿ ಮುಖ ಒಳ್ಳೆಯದು. ಫ್ಯಾನಿಗೂ ಜಾಲರಿಗೂ ನಡುವೆ ಒಂದೆರಡು ಬೆರಳು ಜಾಗ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನೇ ತನ್ನಿ, ವೇಗವನ್ನು ಕಂಪ್ಯೂಟರಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್ ಹಿಡಿತದಲ್ಲಿ ಇಡುತ್ತದೆ. ನೇರ ಪವರ್ ಸಪ್ಲೈಗೆ ಸಿಕ್ಕಿಸುವ ದೀಪದ ಫ್ಯಾನುಗಳು ಬಹುಪಾಲು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತವೆ. ಬೇರಿಂಗ್ 'ಫ್ಲೂಯಿಡ್ ಡೈನಮಿಕ್' ಅನ್ನುವ ಬಗೆಯದಿರಲಿ. ಸಾದಾ ಸ್ಲೀವ್ ಬೇರಿಂಗ್ ಹೊಸದರಲ್ಲಿ ಮೆತ್ತಗಿದ್ದರೂ ಬಿಸಿ, ಧೂಳು ತಿಂದು ಗರಗರ ಅನ್ನತೊಡಗುತ್ತದೆ. ಡಬ್ಬಿಯ ಡಿಬಿಎ ಮೊದಲ ದಿನದ ಲೆಕ್ಕ.

ನಾನು ಮೂರು ಚಿಕ್ಕ ಫ್ಯಾನ್ ತೆಗೆದು ಮುಂದೆ ಎರಡು 140 ಎಂಎಂ ಹಾಕಿದೆ. ಕಬ್ಬಿಣದ ಸ್ಕ್ರೂ ಬಿಟ್ಟು ರಬ್ಬರ್ ಪಿನ್ನು. ಕಂಪ್ಯೂಟರನ್ನು ಗೂಡಿನಿಂದ ಹೊರಗೆ ತಂದು ಮೇಜಿನ ಕೆಳಗೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟೆ. 700 ಸುತ್ತಿನಲ್ಲಿ ಓಡಿಸಿ ರೆಕಾರ್ಡ್ ಮಾಡಿದೆವು. ಗುಂಯ್ ಹೋಗಿತ್ತು. ಆ ಜಾಗದಲ್ಲಿ ಇಷ್ಟು ದಿನ ಯಾರಿಗೂ ಕೇಳದಿದ್ದ ಗೋಡೆ ಗಡಿಯಾರ ಕೇಳತೊಡಗಿತು. ತಂಗಿ ಎದ್ದು ಹೋಗಿ ಅದರ ಸೆಲ್ ತೆಗೆದಳು.

ನೀವೂ ಅಳೆಯಬೇಕು ಅಂದರೆ ಫೋನಿನ ಡೆಸಿಬಲ್ ಆ್ಯಪ್ ಸಾಕು, ಆದರೆ ಅದು ತೋರಿಸುವ ಅಂಕಿಯನ್ನು ಡಬ್ಬಿಯ ಅಂಕಿಯೊಡನೆ ಹೋಲಿಸಬೇಡಿ. ಫೋನನ್ನು ಅದೇ ಜಾಗದಲ್ಲಿ ಇಟ್ಟು ಫ್ಯಾನ್ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ. ಆ ವ್ಯತ್ಯಾಸ ನಂಬಬಹುದು.

ಉಳಿದದ್ದು ನಮ್ಮ ಬಿಸಿಲು. ಹೊರದೇಶದ ಪರೀಕ್ಷೆಗಳೆಲ್ಲ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಕೋಣೆಯಲ್ಲಿ ಆಗುತ್ತವೆ. ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹೊರಗೆ 40 ದಾಟಿದ ದಿನ ನಮ್ಮ ಕೋಣೆಯೊಳಗೆ 35 ಇರುತ್ತದೆ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 60 ಇದ್ದದ್ದು ಇಲ್ಲಿ 70 ದಾಟುತ್ತದೆ. ಮದರ್‌ಬೋರ್ಡಿನಲ್ಲಿ ಮೊದಲೇ ಹಾಕಿಬಂದ ಸೆಟ್ಟಿಂಗ್ ಅದನ್ನು ನೋಡಿ ಫ್ಯಾನನ್ನು ಓಡಿಸುತ್ತದೆ, ಮೆತ್ತಗಿನ ಫ್ಯಾನೂ ಕೂಗುತ್ತದೆ. ಆದರೆ ಹೆದರುವಂಥದ್ದೇನಿಲ್ಲ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಬಹುತೇಕ ಪ್ರೊಸೆಸರ್‌ಗಳಿಗೆ ಕಂಪನಿಯೇ ಹಾಕಿದ ಮಿತಿ 95 ಡಿಗ್ರಿ. 75ಕ್ಕೆಲ್ಲ ಫ್ಯಾನ್ ಪೂರ್ತಿ ಓಡಬೇಕಿಲ್ಲ. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ವೇಗ ಏರುವುದನ್ನು ಕೆಲವು ಸೆಕೆಂಡ್ ತಡ ಮಾಡಿ. ಒಂದು ಬ್ರೌಸರ್ ತೆರೆದ ಕೂಡಲೇ ಏರಿ ಇಳಿಯುವ ಫ್ಯಾನ್, ಒಂದೇ ಸಮ ಓಡುವ ಫ್ಯಾನಿಗಿಂತ ಎಷ್ಟೋ ಪಾಲು ಜಾಸ್ತಿ ಕಾಡುತ್ತದೆ.

ತಂಗಿಯ ಕಂಪ್ಯೂಟರಿನಲ್ಲಿ ಫ್ಯಾನ್ ವೇಗದ ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ. ಬೇಸಿಗೆಯದು 900 ಸುತ್ತಿನಿಂದ ಶುರುವಾಗುತ್ತದೆ. ಆಗ ಹೇಗೂ ತಲೆ ಮೇಲಿನ ಫ್ಯಾನ್ ಓಡುತ್ತಿರುತ್ತದೆ, ಅದರ ಗಾಳಿಯ ಸದ್ದಿನಲ್ಲಿ ಇದು ಮುಳುಗಿಹೋಗುತ್ತದೆ. ಹಾಡುವಾಗ ಮಾತ್ರ ಎರಡನ್ನೂ ಇಳಿಸುತ್ತಾಳೆ. ಇನ್ನೊಂದು 600ರಿಂದ ಶುರುವಾಗುವುದು. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಜಾಲರಿ ತೊಳೆದು, ಒಣಗಿಸಿ, ಅದನ್ನು ಹಚ್ಚುತ್ತೇವೆ.