ಲೀಡ್ ಜಾರಿರಲಿಲ್ಲ, ನಿಂತದ್ದು ಓರೆ

"ಲೀಡ್ ಜಾರಿದ ಹಾಗಿದೆಯಲ್ಲ, ಒಮ್ಮೆ ನೋಡಿ" ಎಂದು ವಾರ್ಡಿನಿಂದ ಫೋನ್ ಬಂತು. ಎರಡು ದಿನದ ಹಿಂದೆ ಐಸಿಡಿ ಯಂತ್ರವನ್ನೂ ಅದರಿಂದ ಹೃದಯಕ್ಕೆ ಹೋಗುವ ತಂತಿಯನ್ನೂ (ಅದೇ ಲೀಡ್) ಹಾಕಿಸಿಕೊಂಡ ರೋಗಿ, ನಾನೇ ತೆಗೆದ ಎಕ್ಸ್-ರೇ. ಮತ್ತೆ ತೆರೆದೆ. ಎರಡೂ ಕಾಲರ್ ಬೋನ್‌ಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿರಬೇಕು. ಇಲ್ಲಿ ಒಂದು ಹತ್ತಿರ, ಇನ್ನೊಂದು ದೂರ. ಗಾಯ ನೋಯುತ್ತದೆಂದು ಅವರು ಎಡಭುಜ ಹಿಂದಕ್ಕೆ ಎಳೆದುಕೊಂಡಿದ್ದರು. ನಾನು ಗಮನಿಸಿರಲಿಲ್ಲ. ನೇರ ನಿಲ್ಲಿಸಿ ತೆಗೆದರೆ ಲೀಡ್ ಇದ್ದಲ್ಲೇ ಇತ್ತು!

ಹೃದಯದ ಬಡಿತ ಅಪಾಯದ ಮಟ್ಟಕ್ಕೆ ತಾಳ ತಪ್ಪಿದರೆ ಶಾಕ್ ಕೊಟ್ಟು ಸರಿದಾರಿಗೆ ತರುವ ಯಂತ್ರ ಐಸಿಡಿ. ಅದರ ಲೀಡಿನಲ್ಲಿ ದಪ್ಪಗೆ ಕಾಣುವ ಭಾಗವೇ ಶಾಕ್ ಕಾಯಿಲ್. ಸಾದಾ ಪೇಸ್‌ಮೇಕರ್ ಲೀಡಿನಲ್ಲಿ ಅದು ಇರುವುದಿಲ್ಲ.

ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಿಸಿ, ಬೆನ್ನ ಕಡೆಯಿಂದ ಸುಮಾರು 180 ಸೆಂ.ಮೀ. ದೂರದಿಂದ ಕಿರಣ ಬಿಡುತ್ತೇವೆ. ಉಸಿರು ಪೂರ್ತಿ ಎಳೆದು ಹಿಡಿಯಬೇಕು. ಇದು ಸುಮ್ನೆ ಹೇಳುವ ಮಾತಲ್ಲ. ಉಸಿರೆಳೆದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಕೆಳಗಿಳಿಯುತ್ತದೆ, ಲೀಡ್ ನೇರವಾಗುತ್ತದೆ. ಮಲಗಿ ಅರ್ಧ ಉಸಿರಿನಲ್ಲಿ ತೆಗೆದರೆ ಅದೇ ಲೀಡ್ ಸಡಿಲ ಬಿಟ್ಟಂತೆ ಬಾಗಿರುತ್ತದೆ. ಹಾಸಿಗೆಯಲ್ಲಿ ತೆಗೆದದ್ದನ್ನೂ ನಿಂತು ತೆಗೆದದ್ದನ್ನೂ ಪಕ್ಕಪಕ್ಕ ಇಟ್ಟು "ಬದಲಾಗಿದೆ" ಅನ್ನೋದು ತಪ್ಪಲ್ವಾ? ಇನ್ನೊಂದು ವಿಷಯ: ಲೀಡ್ ಹಾಕುವಾಗ ಸೂಜಿ ತಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ, ನಿಂತಾಗ ಅದು ಮೇಲಕ್ಕೇರಿ ಕಣ್ಣಿಗೆ ಬೀಳುತ್ತದೆ. ಮಲಗಿದವರಲ್ಲಿ ಎದೆಯ ಮುಂಭಾಗಕ್ಕೆ ಹರಡಿ ತಪ್ಪಿಸಿಕೊಳ್ಳುತ್ತದೆ.

ಪಕ್ಕದಿಂದ ತೆಗೆಯುವ ಚಿತ್ರವನ್ನು ಬಿಟ್ಟುಬಿಡುವವರೇ ಜಾಸ್ತಿ. ಬಲಹೃತ್ಕುಕ್ಷಿಯ (ಹೃದಯದ ಬಲಗಡೆಯ ಕೆಳಕೋಣೆಯ) ತುದಿಯಲ್ಲಿರುವ ಲೀಡ್ ಮುಂದಕ್ಕೆ, ಎದೆಮೂಳೆಯ ಕಡೆಗೆ ಬಾಗಿರುತ್ತದೆ. ದಾರಿ ತಪ್ಪಿ ಹೃದಯದ ಹಿಂಬದಿಯ ರಕ್ತನಾಳಕ್ಕೆ ಹೊಕ್ಕಿದ್ದರೆ ಹಿಂದಕ್ಕೆ ಹೋಗಿರುತ್ತದೆ. ನೇರ ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತರ ಕಾಣಬಹುದು.

ಇಲ್ಲಿ ಕೈಗಳದ್ದೇ ತೊಂದರೆ. ಈ ಚಿತ್ರಕ್ಕೆ ಎರಡೂ ಕೈ ಮೇಲೆತ್ತಿಸುವುದು ರೂಢಿ. ಆದರೆ ಹೊಸದಾಗಿ ಲೀಡ್ ಹಾಕಿದ ಕೆಲವು ವಾರ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು ಎಂದು ವೈದ್ಯರು ಹೇಳಿರುತ್ತಾರೆ. ಹಾಗಾಗಿ "ಬಲಗೈ ಮೇಲೆ ಇರಲಿ, ಎಡಗೈ ಮುಂದಕ್ಕೆ ಚಾಚಿ ಈ ಕಂಬಿ ಹಿಡಿದುಕೊಳ್ಳಿ, ಭುಜದ ಮಟ್ಟ ದಾಟಿಸಬೇಡಿ" ಅನ್ನುತ್ತೇನೆ. ತೋಳಿನ ನೆರಳು ಎದೆಯ ಮೇಲ್ಭಾಗದಲ್ಲಿ ಸ್ವಲ್ಪ ಬೀಳುತ್ತದೆ, ಬೀಳಲಿ. ನಮಗೆ ಬೇಕಾದ ಲೀಡಿನ ತುದಿ ಕೆಳಗಿದೆ.

ಆ ಫೋನ್ ಬಂದ ಮೇಲೆ ಪ್ರತಿ ಚಿತ್ರದ ಜೊತೆ ಒಂದು ಸಾಲು ಬರೆಯುತ್ತೇನೆ: "ನಿಂತು ತೆಗೆದದ್ದು, ಉಸಿರು ಪೂರ್ತಿ, ಎಡಗೈ ಎತ್ತಿಲ್ಲ."