ಫ್ರೆಂಚ್ ಪತ್ರದ ‘ದ್ಮಾಂದೆ’ಗೆ ಸಿಟ್ಟಾಗಬೇಡಿ

ಫ್ರೆಂಚ್ ಪತ್ರಗಳನ್ನು ಅನುವಾದ ಮಾಡಿಕೊಡುವುದು ನನ್ನ ಕೆಲಸ. ಅದರಲ್ಲಿ ಒಂದು ಕ್ರಿಯಾಪದ ಪದೇ ಪದೇ ಜಗಳ ತಂದಿಡುತ್ತದೆ: ದ್ಮಾಂದೆ. ಇಂಗ್ಲಿಷಿನ ಡಿಮ್ಯಾಂಡ್‌ಗೆ ಕೊನೆಯಲ್ಲಿ ಎರಡು ಅಕ್ಷರ ಸೇರಿಸಿದರೆ ಇದರ ಸ್ಪೆಲಿಂಗ್. ಜನ ಅದನ್ನು ‘ಡಿಮ್ಯಾಂಡ್’ ಅಂತಲೇ ಓದಿಬಿಡುತ್ತಾರೆ.

ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು ಒಮ್ಮೆ ಕೆಂಡವಾಗಿ ಬಂದಿದ್ದರು. ಕೈಯಲ್ಲಿ ಫ್ರಾನ್ಸಿನ ಗಿರಾಕಿಯ ಪತ್ರ. ‘ದುಡ್ಡು ಬಾಕಿ ಉಳಿಸಿಕೊಂಡಿರೋದು ಅವರು. ನಮಗೇ ಡಿಮ್ಯಾಂಡ್ ಮಾಡ್ತಾರಲ್ಲ ಮೇಡಂ?’ ಅಂದರು. ಪತ್ರದಲ್ಲಿ ಇದ್ದದ್ದು ಇಷ್ಟೇ: ದಯವಿಟ್ಟು ಟೆಸ್ಟ್ ಸರ್ಟಿಫಿಕೇಟಿನ ಪ್ರತಿ ಕಳಿಸಿಕೊಡಿ. ಪಾಪ, ಖಾರವಾದ ಉತ್ತರವನ್ನೂ ಟೈಪ್ ಮಾಡಿಸಿ ತಂದಿದ್ದರು.

ದ್ಮಾಂದೆ ಅಂದರೆ ಕೇಳು. ದಾರಿ ಕೇಳಿದರೂ ಅದೇ, ಸಾಲ ಕೇಳಿದರೂ ಅದೇ. ನಾವು ಹೆಣ್ಣು ಕೇಳುತ್ತೇವಲ್ಲ, ಫ್ರೆಂಚರು ‘ನನ್ನನ್ನು ಮದುವೆಯಾಗುತ್ತೀಯಾ’ ಅಂತ ಕೇಳುವುದಕ್ಕೂ ಇದೇ ಪದ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ಕೆಲಸ ಹುಡುಕುತ್ತಿರುವವರ ಹೆಸರು ‘ದ್ಮಾಂದೆರ್ ದಾಂಪ್ಲುವಾ’. ‘ಸ ದ್ಮಾಂದೆ’ ಅಂದರೆ ತನ್ನನ್ನು ತಾನೇ ಕೇಳಿಕೊಳ್ಳುವುದು, ‘ಇದು ಹೀಗ್ಯಾಕೆ?’ ಅಂತ ಯೋಚಿಸುವುದು. ‘ಪ್ರಶ್ನೆ’ ಅನ್ನುವ ಪದದ ಜೊತೆಗೆ ಮಾತ್ರ ಇದು ಕೂಡುವುದಿಲ್ಲ. ಅಲ್ಲಿ ‘ಪೋಝೆ’ ಬೇಕು, ಅಂದರೆ ಇಡು. ನಾವೂ ಪ್ರಶ್ನೆ ಹಾಕುತ್ತೇವೆ ಅಲ್ವಾ?

ಮೂಲ ಲ್ಯಾಟಿನ್ನಿನ ‘ದೆಮಾಂದಾರೆ’. ಅದಕ್ಕೆ ಒಪ್ಪಿಸು, ವಹಿಸು ಅಂತ ಅರ್ಥ. ಒಬ್ಬರಿಗೆ ಕೆಲಸ ವಹಿಸುವ ಮಾತು ಬರಬರುತ್ತಾ ಅವರನ್ನು ಕೇಳುವ ಮಾತಾಯಿತು. ಗಡಸು ಸೇರಿದ್ದು ಇಂಗ್ಲೆಂಡಿನಲ್ಲಿ. 1066ರಲ್ಲಿ ನಾರ್ಮನ್ನರು, ಅಂದರೆ ಉತ್ತರ ಫ್ರಾನ್ಸಿನ ನಾರ್ಮಂಡಿಯವರು, ಆ ದೇಶ ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಿಗೆ ಫ್ರೆಂಚ್ ಬಂತು. ಕೋರ್ಟಿನಲ್ಲಿ ನಿಂತು ಕೇಳುವವರು ‘ಇದು ನನ್ನ ಹಕ್ಕು’ ಅಂತಲೇ ಕೇಳುತ್ತಾರೆ. 1362ರಲ್ಲಿ ವಾದವನ್ನು ಇಂಗ್ಲಿಷಿನಲ್ಲೇ ಮಾಡಬೇಕು ಅಂತ ಕಾನೂನಾಯಿತು. ಆದರೂ ಆ ಪದ ಕೋರ್ಟಿನ ದನಿಯಲ್ಲೇ ಇಂಗ್ಲಿಷಿನಲ್ಲಿ ಉಳಿದುಕೊಂಡಿತು. ಫ್ರಾನ್ಸಿನ ಮನೆ, ಅಂಗಡಿಗಳಲ್ಲಿ ಅದು ಮೆತ್ತಗೇ ಇದೆ.

ಹಾಗಂತ ಫ್ರೆಂಚರು ಪಟ್ಟು ಹಿಡಿಯುವುದೇ ಇಲ್ಲ ಅಂತಲ್ಲ. ಅದಕ್ಕೆ ‘ಎಗ್ಝಿಜೆ’ ಇದೆ. ದ್ಮಾಂದೆಯ ಪಕ್ಕದಲ್ಲೇ ಗಡುವಿನ ತಾರೀಖು ಕಂಡರೆ ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪತ್ರದ ಮೇಲ್ಗಡೆ ‘ಮೀಝ್ ಆಂ ದ್ಮೆರ್’ ಅಂತಿದ್ದರೆ ಅದು ಕಾನೂನಿನ ನೋಟಿಸು. ಅನುವಾದ ಮಾಡಿಸಿಕೊಂಡು, ಉತ್ತರ ಬರೆಯುವ ಮೊದಲು ವಕೀಲರಿಗೆ ತೋರಿಸಿ.